ದೇವರೇ ಗತಿ ಎಂಬ ಫೋಲ್ಡರು

ಅವಮಾನದಲ್ಲಿ ಎರಡು ಬಗೆ. ಒಂದು, ಬೇರೆಯವರು ನಮಗೆ ಮಾಡುವುದು. ಅದರಲ್ಲಿ ಸ್ವಲ್ಪ ಸುಖವೂ ಇದೆ. ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಹೇಳಿಕೊಳ್ಳಬಹುದು, ಕೇಳಿದವರು "ಹಂಗಂದ್ನೇನ್ರಿ ಅವಾ?" ಎಂದು ನಮ್ಮ ಪರವಾಗಿ ಹಲ್ಲು ಕಡಿಯುತ್ತಾರೆ. ಇನ್ನೊಂದು, ನಾವೇ ಪುರುಸೊತ್ತು ಮಾಡಿಕೊಂಡು, ತಲೆ ಓಡಿಸಿ, ಕೈಯಾರೆ ತಯಾರಿಸಿಕೊಳ್ಳುವುದು. ಇದನ್ನು ಯಾರಿಗೂ ಹೇಳಲು ಬರುವುದಿಲ್ಲ. ಹೇಳಿದರೆ ಕೇಳಿದವರು ಎದುರಿನ ಪಕ್ಷಕ್ಕೆ ಸೇರುತ್ತಾರೆ, ಅದೂ ನ್ಯಾಯವಾಗಿಯೇ. ನನ್ನದು ಈ ಎರಡನೆಯ ಬಗೆಯದು. ಮನೆಯಲ್ಲಿ ಈ ವಿಷಯ ಎತ್ತುವಂತಿಲ್ಲ, ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಎತ್ತುವ ಮೊದಲೇ ಬೇರೆಯವರು ಎತ್ತುತ್ತಾರೆ. ಆದ್ದರಿಂದ ನನ್ನ ಗುರುತಿಲ್ಲದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ಕುಂದಗೋಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಒಂದು ಬೇಸಿಗೆ ಸೂಟಿಯಲ್ಲಿ ಮಾಡಲು ಕೆಲಸವಿಲ್ಲದೆ, ಮೊಬೈಲಿನಲ್ಲಿ ಪಾಠ ನೋಡುತ್ತ, ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆಯುವುದನ್ನು ಕಲಿತೆ. ಸ್ಕ್ರಿಪ್ಟ್ ಎಂದರೆ ದೊಡ್ಡದೇನಲ್ಲ. ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಕಂಪ್ಯೂಟರಿಗೆ ಅದರ ಭಾಷೆಯಲ್ಲಿ ಬರೆದುಕೊಡುವ ಅಪ್ಪಣೆ. ಮನೆಯಲ್ಲಾಗಲಿ ತರಗತಿಯಲ್ಲಾಗಲಿ ನನ್ನ ಅಪ್ಪಣೆಯನ್ನು ಯಾರೂ ಇಷ್ಟು ಚಾಚೂ ತಪ್ಪದೆ ಪಾಲಿಸಿದ್ದಿಲ್ಲ. ಹೀಗಾಗಿ ನನಗೆ ಅದರ ರುಚಿ ಹತ್ತಿತು. ನನ್ನ ಹೆಂಡತಿ ಗಿರಿಜಾ ಮಾತ್ರ, "ಒಲಿ ಮ್ಯಾಲಿನ ಹಾಲು ಉಕ್ಕಿದ್ದು ಕಾಣೂದಿಲ್ಲ, ಕಂಪ್ಯೂಟರಿನ್ಯಾಗಿನ ಚುಕ್ಕಿ ಕಾಣ್ತಾವ ಇವರಿಗೆ" ಎನ್ನುತ್ತಿದ್ದಳು. ಆಗ ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಈ ನನ್ನ ವಿದ್ಯೆಯ ಸುದ್ದಿ ಶಿವಪ್ಪಕಾಕಾರಿಗೆ ಮುಟ್ಟಿತು. ಕಾಕಾ ನಮ್ಮ ಸಮಾಜದ ಹಿರಿಯರು, ಪ್ರತಿ ವರ್ಷ ಕುಂದಗೋಳದಲ್ಲಿ ವಧು-ವರರ ಸಮಾವೇಶ ನಡೆಸುವವರು. ಒಂದು ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತ, "ಮಾಸ್ತರ, ಈ ಸಲ ಫೋಟೋನೆಲ್ಲ ದೊಡ್ಡ ಪರದೇ ಮ್ಯಾಲೆ ತೋರಸೂಣು. ಕೆಳಗ ಹೆಸರು, ಊರು ಬರಬೇಕು. ಅಷ್ಟ ಮಾಡಿಕೊಡ್ರಿ" ಎಂದರು. "ಅದೇನ್ ದೊಡ್ಡ ಕೆಲಸ ಕಾಕಾ" ಎಂದೆ. ನನ್ನ ಜೀವನದ ದೊಡ್ಡ ತಪ್ಪುಗಳೆಲ್ಲ ಈ ಒಂದು ವಾಕ್ಯದಿಂದಲೇ ಶುರುವಾಗಿವೆ.

ಫೋಟೋಗಳು ಮೊಬೈಲಿಗೆ ಬರತೊಡಗಿದವು. ಅಣ್ಣಿಗೇರಿ, ನವಲಗುಂದ, ಕಲಘಟಗಿ, ಎಲ್ಲ ಕಡೆಯಿಂದ. ಪ್ರತಿ ಫೋಟೋಕ್ಕೂ ಅವರ ಹೆಸರು, ಊರನ್ನೇ ಫೈಲಿನ ಹೆಸರಾಗಿ ಇಟ್ಟೆ. ಹೀಗೆ ಮಾಡಿದರೆ ಪರದೆಯ ಮೇಲೆ ಹೆಸರನ್ನು ಮತ್ತೆ ಬರೆಯಬೇಕಾಗಿಲ್ಲ; ಫೈಲಿನ ಹೆಸರನ್ನೇ ಎತ್ತಿ ಫೋಟೋದ ಕೆಳಗೆ ಹಾಕು ಎಂದು ಸ್ಕ್ರಿಪ್ಟಿಗೆ ಹೇಳಿದರಾಯಿತು. ಆದರೆ ಕಂಪ್ಯೂಟರಿಗೆ ಬರೀ ಹೆಸರು ಗೊತ್ತಿರುವುದಿಲ್ಲ. ಅದೂ ನಮ್ಮ ಕಡೆಯ ಹಿರಿಯರ ಹಾಗೆ. ಈರಣ್ಣ ಎಂದರೆ ಅವರಿಗೆ ತಿಳಿಯುವುದಿಲ್ಲ. ಕುಂದಗೋಳ ತಾಲೂಕು, ಗುಡಗೇರಿ, ಸ್ಟೇಷನ್ ಬಾಜು, ಹಿಟ್ಟಿನ ಗಿರಣಿ ಹಿಂದಿನ ಮನೆ, ಆ ಮನೆಯ ಸಣ್ಣ ಮಗ ಈರಣ್ಣ ಎಂದರೆ "ಹಾಂ, ಅವನೇನು" ಎನ್ನುತ್ತಾರೆ. ಕಂಪ್ಯೂಟರೂ ಹಾಗೆಯೇ ಯಾವ ಡ್ರೈವು, ಯಾವ ಫೋಲ್ಡರು, ಅದರೊಳಗೆ ಇನ್ಯಾವ ಫೋಲ್ಡರು ಎಂದು ದಾರಿಯನ್ನೆಲ್ಲ ಹೇಳಿ ಕೊನೆಗೆ ಫೈಲಿನ ಹೆಸರು ಹೇಳುತ್ತದೆ. ಒಂದೊಂದರ ನಡುವೆ ಒಂದು ಓರೆಗೆರೆ ಹಾಕುತ್ತದೆ. ನನಗೆ ಬೇಕಾದದ್ದು ಕೊನೆಯ ಈರಣ್ಣ ಮಾತ್ರ. ಸ್ಟೇಷನ್ನೂ ಬೇಡ, ಗಿರಣಿಯೂ ಬೇಡ.

ಮೊದಲು ನಾನು ಎಡಗಡೆಯಿಂದ ಗೆರೆಗಳನ್ನು ಎಣಿಸಿ ಕತ್ತರಿಸಲು ಹೇಳಿದೆ. ಕೆಲವು ಫೋಟೋ ಫೋಲ್ಡರಿನೊಳಗಿನ ಫೋಲ್ಡರಿನಲ್ಲಿದ್ದವು. ಅಲ್ಲಿ ಗೆರೆ ಹೆಚ್ಚಾಗಿ, ನವಲಗುಂದದ ಒಬ್ಬ ಸಭ್ಯ ತರುಣನ ಕೆಳಗೆ ಅವನ ಹೆಸರಿನ ಬದಲು "ಹಳೇ ಫೋಟೋ" ಎಂದು ಬಂತು. ಆಮೇಲೆ ಹೊಳೆಯಿತು: ಮುಂದಿನಿಂದ ಎಣಿಸುವುದಲ್ಲ, ಹಿಂದಿನಿಂದ ಹುಡುಕಬೇಕು. ಕೊನೆಯ ಓರೆಗೆರೆ ಎಲ್ಲಿದೆ ನೋಡು, ಅದರವರೆಗಿನದನ್ನೆಲ್ಲ ಒಗೆದುಬಿಡು, ಉಳಿದದ್ದೇ ಹೆಸರು. ಒಂದೇ ಸಾಲಿನ ಅಪ್ಪಣೆ. ಬರೆದು ಓಡಿಸಿದೆ. ಹೆಸರುಗಳು ಎಷ್ಟು ಚೊಕ್ಕವಾಗಿ ಬಂದವೆಂದರೆ ಗಿರಿಜಾಳನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ನೋಡಿ, "ಹೆಸರು ಬಂದಾವ. ಬರಬೇಕಲ್ಲ?" ಎಂದು ಹೋದಳು.

ಈಗ ಆ ಫೋಲ್ಡರುಗಳ ವಿಷಯ. ಇಲ್ಲಿಂದ ಮುಂದೆ ನನ್ನ ಧ್ವನಿ ಸಣ್ಣದಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ನಾನು ಮಾಡಿದ ವಿಂಗಡಣೆ ಮರ್ಯಾದೆಯದೇ ಆಗಿತ್ತು. ನೌಕರಿ, ಒಕ್ಕಲುತನ, ವ್ಯಾಪಾರ, ಇಷ್ಟೇ. ಆದರೆ ಒಬ್ಬನೇ ಕೂತು ಮುಖದ ಮೇಲೆ ಮುಖ ನೋಡುತ್ತ ಹೋದಂತೆ ಮನುಷ್ಯನಿಗೆ ಒಂದು ಬಗೆಯ ಅಧಿಕಾರದ ಅಮಲು ಏರುತ್ತದೆ. ನೌಕರಿ ಫೋಲ್ಡರು ಒಡೆದು "ನೌಕರಿ ಪಕ್ಕಾ" ಮತ್ತು "ನೌಕರಿ ಐತಿ ಅಂತಾರ" ಎಂದಾಯಿತು. ಟೋಪಿ ಹಾಕಿಕೊಂಡು ಫೋಟೋ ಕಳಿಸಿದವರಿಗೆ "ಟೋಪಿ ಒಳಗೇನೈತಿ" ಎಂಬ ಫೋಲ್ಡರು ಹುಟ್ಟಿತು. ಪ್ರತಿ ಸಲ ಫೋನು ಮಾಡಿದಾಗ ತಾಯಿಯೇ ಎತ್ತಿ ಮಾತಾಡಿದವರಿಗೆ "ಅವ್ವನ್ನ ಕೇಳಬೇಕು". ಹುಡುಗಿಯರ ಕಡೆ ನಾನು ಬಹಳ ಹುಷಾರಾಗಿದ್ದೆ, ಸಜ್ಜನಿಕೆಯಿಂದಲ್ಲ, ಗಿರಿಜಾಳ ಭಯದಿಂದ. ಅಲ್ಲಿ ಒಂದೇ ಒಂದು ಹೆಚ್ಚಿನ ಫೋಲ್ಡರು ಮಾಡಿದೆ: "ಭಾಳ ಕೇಳ್ತಾರ". ಅದರಲ್ಲಿ ಅಳ್ನಾವರದ ಒಂದು ದವಾಖಾನೆಯಲ್ಲಿ ನರ್ಸಾಗಿದ್ದ ಶೋಭಾ ಎಂಬ ಹುಡುಗಿ ಇದ್ದಳು. ಸಮಾವೇಶದಲ್ಲಿ ಹುಡುಗರಿಗೆ ನಾವೇ ನೇರವಾಗಿ ಪ್ರಶ್ನೆ ಕೇಳಬಹುದೇ, ಇಲ್ಲ ಎಂದರೆ ಯಾಕಿಲ್ಲ ಎಂದು ಅವಳು ನನಗೆ ಫೋನು ಮಾಡಿ ಕೇಳಿದ್ದಳು.

ಕೊನೆಗೆ ಉಳಿದವನು ಮಲ್ಲು. ಮಲ್ಲಿಕಾರ್ಜುನ, ಗಿರಿಜಾಳ ತಮ್ಮ. ಕಲಘಟಗಿ ಕಡೆಯ ತಂಬೂರಿನಲ್ಲಿ ಒಕ್ಕಲುತನ ಮಾಡುತ್ತಾನೆ. ನಗುವವನು, ಜೋರಾಗಿ ಮಾತಾಡುವವನು, ನಮ್ಮ ಮನೆಗೆ ಯಾವತ್ತೂ ಬರಿಗೈಯಲ್ಲಿ ಬಂದವನಲ್ಲ. ಗೋವಿನಜೋಳದ ತೆನೆ, ಹಸಿ ಶೇಂಗಾ, ಏನೂ ಇಲ್ಲದಿದ್ದರೆ ಒಂದು ಚೀಲ ಸವತೆಕಾಯಿ. ವಯಸ್ಸು ಮೂವತ್ತೈದು ದಾಟಿತ್ತು. ನೋಡಿ ಹೋದವರು ಬಹಳ, ಮರಳಿ ಬಂದವರು ಯಾರೂ ಇಲ್ಲ. ಅವನ ಫೋಟೋ ಒಕ್ಕಲುತನದ ಫೋಲ್ಡರಿನಲ್ಲಿಯೇ ಇತ್ತು. ಅಲ್ಲಿಂದ ಅವನನ್ನು ಎತ್ತಿ, ಅವನೊಬ್ಬನಿಗಾಗಿಯೇ ಒಂದು ಹೊಸ ಫೋಲ್ಡರು ಮಾಡಿ, "ದೇವರೇ ಗತಿ" ಎಂದು ಹೆಸರಿಟ್ಟು ಒಳಗೆ ಹಾಕಿದೆ. ಹಾಕಿ ನಕ್ಕೆ. ಅಡುಗೆಮನೆಯಿಂದ ಗಿರಿಜಾ, "ಒಬ್ಬರ ಯಾಕ ನಗಾಕತ್ತೀರಿ?" ಎಂದಳು. "ಏನಿಲ್ಲ, ಸ್ಕ್ರಿಪ್ಟ್ ಚೊಲೋ ಓಡಾಕತ್ತೈತಿ" ಎಂದೆ.

ಸಮಾವೇಶದ ದಿನ ಕಲ್ಯಾಣ ಮಂಟಪ ತುಂಬಿತ್ತು. ಹೊಸ ಸೀರೆಯ ಗಂಜಿ ವಾಸನೆ, ಅತ್ತರು, ಹಿಂದಿನಿಂದ ಗೋದಿ ಹುಗ್ಗಿಯ ಘಮ. ನನ್ನ ಕಂಪ್ಯೂಟರಿನ ವೈರು ಅಲ್ಲಿಯ ಪರದೆಯ ಯಂತ್ರಕ್ಕೆ ಕೂಡಲಿಲ್ಲ. ಚಿಂತೆಯಿಲ್ಲ ಎಂದು ಎಲ್ಲವನ್ನೂ ಪೆನ್ ಡ್ರೈವಿನಲ್ಲಿ ತುಂಬಿ ಮಂಟಪದವರ ಕಂಪ್ಯೂಟರಿಗೆ ಚುಚ್ಚಿದೆ. ಅದರ ಮುಖಚರ್ಯೆ ಸ್ವಲ್ಪ ಬೇರೆ ಇತ್ತು, ಬೇರೆ ತಳಿಯ ವ್ಯವಸ್ಥೆ. ಆದರೂ ನನ್ನ ಸ್ಕ್ರಿಪ್ಟ್ ತಕರಾರಿಲ್ಲದೆ ಓಡಿತು. ಎರಡನೇ ಯೋಚನೆ ಮಾಡದೆ ಪರದೆಯ ಪಕ್ಕಕ್ಕೆ ಬಂದು, ಕೈಕಟ್ಟಿಕೊಂಡು, ಸಭೆಯ ಕಡೆ ಮುಖ ಮಾಡಿ ನಿಂತೆ. ಫೋಟೋ ನೋಡಲಿಕ್ಕಲ್ಲ, ಜನ ಮೆಚ್ಚುವುದನ್ನು ನೋಡಲಿಕ್ಕೆ.

ಮೊದಲ ಕೆಲವರಿಗೆ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ತಂದೆ ಪಕ್ಕದವರ ತೊಡೆ ತಟ್ಟಿ, "ನೋಡ್ರಿ, ಕಮೀಟಿಯವರು ಖುದ್ದ ತಪಾಸ ಮಾಡಿ ಪಕ್ಕಾ ಅಂತ ಹಾಕ್ಯಾರ" ಎನ್ನುವುದು ಕೇಳಿತು. ಪಕ್ಕಾ ಎಂಬ ಶಬ್ದ ಇವರಿಗೆ ಹೇಗೆ ಗೊತ್ತು ಎಂದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಸಭೆಯ ಗದ್ದಲ ಒಮ್ಮೆಗೇ ನಿಂತಿತು. ನಡುವಿನ ಸಾಲಿನಿಂದ ಒಬ್ಬರು ಎದ್ದರು. "ಮಾಸ್ತರ, ಐತಿ ಅಂತಾರ ಅಂದ್ರ ಏನ್ರಿ? ಯಾರು ಅಂತಾರ?"

ತಿರುಗಿ ನೋಡಿದೆ. ಪರದೆಯ ಮೇಲೆ ಅವರ ಮಗನ ಫೋಟೋ, ಅದರ ಕೆಳಗೆ ಕಪ್ಪು ದಪ್ಪ ಅಕ್ಷರದಲ್ಲಿ ಇಡೀ ದಾರಿ: ವಧುವರ, ಹುಡುಗರು, ನೌಕರಿ ಐತಿ ಅಂತಾರ, ಅದಾದ ಮೇಲೆ ಹುಡುಗನ ಹೆಸರು. ಒಂದೂ ಬಿಟ್ಟಿರಲಿಲ್ಲ. ನಡುವೆ ಓರೆಗೆರೆಗಳು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅವು ಎಡಕ್ಕೆ ವಾಲುತ್ತಿದ್ದವು. ಇಲ್ಲಿ ಬಲಕ್ಕೆ ವಾಲಿ ನಿಂತಿದ್ದವು. ನನ್ನ ಸ್ಕ್ರಿಪ್ಟ್ ಎಡಕ್ಕೆ ವಾಲಿದ ಗೆರೆಯನ್ನು ಹುಡುಕಿದೆ, ಸಿಕ್ಕಿಲ್ಲ, ಸಿಗದಿದ್ದರೆ ಏನು ಮಾಡಬೇಕೆಂದು ನಾನು ಹೇಳಿರಲಿಲ್ಲ. ಪಾಪ, ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆ. ಫೈಲಿನ ಹೆಸರಿನಲ್ಲಿ ಈ ಎರಡೂ ಗೆರೆ ಹಾಕಬಾರದೆಂದು ಮನೆಯ ಕಂಪ್ಯೂಟರು ಹಿಂದೊಮ್ಮೆ ಎಚ್ಚರಿಸಿದ್ದಾಗ, ಯಾಕೆ ಎರಡೂ ಎಂದು ನಾನು ಕೇಳಿಕೊಂಡಿದ್ದರೆ, ಕೆಲವು ಕಂಪ್ಯೂಟರುಗಳು ಇನ್ನೊಂದು ಗೆರೆಯಿಂದಲೂ ದಾರಿ ಹೇಳುತ್ತವೆಂದು ಆಗಲೇ ತಿಳಿಯುತ್ತಿತ್ತು.

ಓಡಿ ಹೋಗಿ ಕೀಲಿಗಳನ್ನು ಒತ್ತಿದೆ. ನಿಲ್ಲಲಿಲ್ಲ. ನಿಲ್ಲದ ಹಾಗೆ ಬರೆದವನೂ ನಾನೇ. ಯಾರಾದರೂ ತಪ್ಪಿ ಕೈಯಿಟ್ಟರೆ ಕಾರ್ಯಕ್ರಮ ಕೆಡಬಾರದೆಂದು ಮುಂಜಾಗ್ರತೆ. ಪರದೆಯ ಮೇಲೆ "ಟೋಪಿ ಒಳಗೇನೈತಿ" ಬಂತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. "ಅವ್ವನ್ನ ಕೇಳಬೇಕು" ಬಂದಾಗ ಹೆಣ್ಣುಮಕ್ಕಳ ಕಡೆ ಒಬ್ಬ ತಾಯಿ ಎದ್ದು ನಿಂತು, "ಅವ್ವನ್ನ ಕೇಳದ ನಿಮ್ಮನ್ನ ಕೇಳಬೇಕೇನೋ?" ಎಂದು ನನ್ನನ್ನು ಏಕವಚನ ಬಹುವಚನ ಎರಡರಲ್ಲಿಯೂ ಬೈದರು. ಆಮೇಲೆ ಮಲ್ಲು ಬಂದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಯ್ತುಂಬ ನಗು. ಕೆಳಗೆ "ದೇವರೇ ಗತಿ". ಅಷ್ಟರಲ್ಲಿ ಶಿವಪ್ಪಕಾಕಾ ಬಂದು ವೈರನ್ನೇ ಕಿತ್ತರು. ಆದರೆ ಆ ಪರದೆಯ ಯಂತ್ರಕ್ಕೆ ವೈರು ಕಿತ್ತರೂ ಕೊನೆಯ ಚಿತ್ರವನ್ನು ಕೆಲ ಹೊತ್ತು ಹಿಡಿದಿಟ್ಟುಕೊಳ್ಳುವ ಗುಣವಿತ್ತು.

ಹೆಂಗಸರ ಸಾಲಿನಲ್ಲಿ ಗಿರಿಜಾ ಕೂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದಳು.

"ಮಾಸ್ತರ, ಮೈಕ್ ಹಿಡೀರಿ. ತಪ್ಪಾತು ಅನ್ರಿ, ಮುಗೀತು" ಎಂದು ಕಾಕಾ ಕಿವಿಯಲ್ಲಿ ಹೇಳಿದರು. ಒಳ್ಳೆಯ ಸಲಹೆ. ನಾನು ಮೈಕು ಹಿಡಿದು, ಗೆರೆ ಎಡಕ್ಕೆ ವಾಲುವುದಕ್ಕೂ ಬಲಕ್ಕೆ ವಾಲುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸತೊಡಗಿದೆ. ತರಗತಿಯ ಚಟ. "ಗೆರಿ ಬಿಡ್ರಿ, ಬರದವರ್ಯಾರು ಅದನ್ನ ಹೇಳ್ರಿ" ಎಂದು ಯಾರೋ ಕೂಗಿದರು. "ನಾನ..." ಎಂದೆ. ಎಂದು ಮೈಕನ್ನು ಮೇಜಿನ ಮೇಲಿಟ್ಟೆ.

ಆಗ ಮಲ್ಲು ಎದ್ದ. ಮೈಕು ಬೇಕಾಗದ ಧ್ವನಿ ಅವನದು. "ನಮಸ್ಕಾರ್ರಿ. ಆ ದೇವರೇ ಗತಿ ಅಂತ ಐತೆಲ್ಲ, ಅದು ನಾನರಿ. ತಂಬೂರಿನ ಮಲ್ಲಿಕಾರ್ಜುನ. ನಮ್ಮ ಮಾಮಾರು ನನ್ನನ್ನ ದೇವರಿಗೆ ಬಿಟ್ಟಾರ. ಬಾಕಿ ಮಂದೀನ ಮನುಷ್ಯಾರಿಗೆ ಬಿಟ್ಟಾರ. ಲಾಭ ಆಗಿದ್ದು ಯಾರಿಗೆ ನೀವ ವಿಚಾರ ಮಾಡ್ರಿ. ಈಗ ಊಟಕ್ಕ ಏಳ್ರಿ, ಹುಗ್ಗಿ ಆರಾಕತ್ತೈತಿ." ಸಭೆ ಭೋರೆಂದು ನಕ್ಕಿತು. ಟೋಪಿಯ ಹುಡುಗನೂ ಎದ್ದು ಟೋಪಿ ತೆಗೆದು ಎಲ್ಲರಿಗೂ ತಲೆ ತೋರಿಸಿದ. ಜನ ಊಟಕ್ಕೆ ನಡೆದರು. ನಾನು ಪೆನ್ ಡ್ರೈವ್ ಕಿತ್ತು ಕಿಸೆಗೆ ಹಾಕಿಕೊಂಡೆ.

ಮನೆಗೆ ಬಂದ ಮೇಲೆ ಗಿರಿಜಾ ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಏನಾದರೂ ಉತ್ತರ ಸಿಗುತ್ತಿತ್ತು. ರೊಟ್ಟಿ ಬಡಿದಳು, ಬಡಿಸಿದಳು, ನೀರಿಟ್ಟಳು. ನಾನೇ ತಡೆಯಲಾರದೆ, "ಮಲ್ಲು ಏನೂ ಮನಸಿಗೆ ಹಚಕೊಂಡಿಲ್ಲ, ನೋಡಿದೆಲ್ಲ? ಹೆಂಗ ನಗಿಸಿದ" ಎಂದೆ. "ಹೂಂ" ಎಂದಳು. ಆ ಹೂಂ ಒಪ್ಪಿಗೆಯದಲ್ಲವೆಂದು ಗೊತ್ತಿದ್ದೂ ನಾನು ಅದನ್ನು ಒಪ್ಪಿಗೆಯೆಂದೇ ಹಿಡಿದು ನಿದ್ದೆ ಮಾಡಿದೆ. ಮಲ್ಲುವಿಗೆ ಫೋನು ಮಾಡಿ ಕ್ಷಮೆ ಕೇಳಬೇಕೆಂದು ಅಂದುಕೊಂಡೆ. ಮಾಡಲಿಲ್ಲ. ಅವನೇ ನಕ್ಕ ಮೇಲೆ ನಾನು ಯಾಕೆ ಅಳಬೇಕು ಎಂಬ ತರ್ಕ. ಗಣಿತದ ಮಾಸ್ತರನಿಗೆ ತರ್ಕಕ್ಕೆ ಬರವಿಲ್ಲ.

ಕೆಲವು ದಿನಗಳಾದ ಮೇಲೆ ಅಳ್ನಾವರದಿಂದ ಶೋಭಾಳ ತಂದೆ ಗಿರಿಜಾಳಿಗೆ ಫೋನು ಮಾಡಿದರು. ತಂಬೂರಿನ ಹುಡುಗನನ್ನು ಕರೆದುಕೊಂಡು ಬನ್ನಿ, ಮಗಳು ಮಾತಾಡಬೇಕಂತೆ ಎಂದರು. ಗಿರಿಜಾಳ ಮುಖದ ಮೇಲೆ ಎಷ್ಟೋ ದಿನಗಳ ನಂತರ ಬೆಳಕು ಕಂಡಿತು. "ಮಾಸ್ತರನ್ನೂ ಕರಕೊಂಡ ಬರ್ರಿ, ತಪ್ಪಸಬ್ಯಾಡ್ರಿ" ಎಂದು ಅವರು ಸೇರಿಸಿದ್ದನ್ನು ಅವಳು ನನಗೆ ಎರಡು ಸಲ ಹೇಳಿದಳು. ಹಿರಿಯನೆಂಬ ಗೌರವಕ್ಕೆ ಕರೆದಿದ್ದಾರೆ ಎಂದುಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡೆ.

ಅಳ್ನಾವರದ ಅವರ ಮನೆ ರೈಲು ಹಳಿಗೆ ಹತ್ತಿರ. ಅವಲಕ್ಕಿ, ಚಹಾ ಬಂದವು. ಶೋಭಾ ಬಂದು ಕುರ್ಚಿಯಲ್ಲಿ ಕೂತಳು. ತಲೆ ತಗ್ಗಿಸಿಕೊಂಡಲ್ಲ, ರೋಗಿಯನ್ನು ನೋಡುವ ನರ್ಸಿನಂತೆ ನೇರವಾಗಿ ನೋಡುತ್ತ. ಮಲ್ಲುವಿನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಸರ್, ಅವತ್ತ ಹುಡುಗ್ಯಾರ ಫೋಟೋ ಬರೂದ್ರಾಗ ವೈರ್ ಕಿತ್ತ್ರಲ್ಲ. ನನ್ನನ್ನ ಎಲ್ಲಿ ಇಟ್ಟಿದ್ರಿ?"

ಅವಲಕ್ಕಿ ಬಾಯಲ್ಲಿತ್ತು, ನುಂಗಿದೆ. "ಹುಡುಗ್ಯಾರದ್ದು ಹಂಗೇನಿಲ್ಲವ್ವಾ. ಬರೇ ಊರಿನ ಪ್ರಕಾರ ಇಟ್ಟಿದ್ದೆ."

"ಸುಳ್ಳ ಹೇಳಬ್ಯಾಡ್ರಿ ಮಾಮಾ" ಎಂದ ಮಲ್ಲು, ಮೆಲ್ಲಗೆ. ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಭಾಳ ಕೇಳ್ತಾರ, ಅಂತ ಇತ್ತು" ಎಂದೆ ನೆಲ ನೋಡುತ್ತ.

ಶೋಭಾಳ ತಾಯಿ ಸೆರಗು ಬಾಯಿಗೆ ಹಚ್ಚಿಕೊಂಡರು. ಶೋಭಾ ಸಿಟ್ಟಾಗಲಿಲ್ಲ. "ಖರೇನ ಐತಿ, ಕೇಳ್ತೀನಿ. ಹಂಗಾರ ಈಗ ನಿಮ್ಮನ್ನ ಕೇಳ್ತೀನಿ. ಇವರನ್ನ ದೇವರೇ ಗತಿ ಅಂತ ಯಾಕ ಇಟ್ರಿ? ಕುಡೀತಾರೇನು? ಬ್ಯಾನಿ ಏನರ ಐತೇನು? ಮನಿಯವರು ನೀವು, ನಿಮಗ ಗೊತ್ತಿರತದ. ನನಗ ಅದು ತಿಳೀಬೇಕು."

ಆ ಕೋಣೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಒಳಗೇ ಹುಡುಕಿದೆ. ಕುಡಿಯುವುದಿಲ್ಲ. ಕಾಯಿಲೆಯಿಲ್ಲ. ಸೋಮಾರಿಯಲ್ಲ. ಒಬ್ಬರಿಗೆ ಕೆಟ್ಟದ್ದು ಮಾಡಿದವನಲ್ಲ. ಒಂದು ಕಾರಣವಾದರೂ ಸಿಕ್ಕಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಆದರೆ ಅವನ ಸಂಬಂಧ ಮುರಿಯುತ್ತಿತ್ತು. ಕಾರಣ ಸಿಗಲೇ ಇಲ್ಲ.

"ಏನೂ ಇಲ್ಲವ್ವಾ" ಎಂದೆ. "ಅವಂದೇನೂ ಕಡಿಮಿ ಇಲ್ಲ. ಅವನಿಗೆ ಏನಂದ್ರೂ ಸಿಟ್ಟ ಬರೂದಿಲ್ಲ, ಅದಕ್ಕ ಇಟ್ಟೆ. ಬ್ಯಾರೆ ಯಾರಿಗರ ಹಂಗ ಇಡಾಕ ನನಗ ಧೈರ್ಯ ಇರಲಿಲ್ಲ."

ಶೋಭಾ ಮಲ್ಲುವಿನ ಕಡೆ ತಿರುಗಿದಳು. "ಹೌದೇನ್ರಿ? ಸಿಟ್ಟ ಬರೂದಿಲ್ಲೇನು ನಿಮಗ?"

ಮಲ್ಲು ಚಹಾದ ಬಟ್ಟಲನ್ನು ಕೆಳಗಿಟ್ಟ. "ಬಂದಿತ್ರಿ. ಭಾಳ ಬಂದಿತ್ತು. ಎದ್ದು ಹೋಗಿಬಿಡೂಣು ಅನಿಸಿತ್ತು. ಆದ್ರ ಅಕ್ಕ ಅಲ್ಲೇ ಕುಂತಿದ್ಲು. ನಾನು ಸಿಟ್ಟಾದ್ರ ಆಕಿ ಯಾರ ಕಡೆ ನಿಂದರಬೇಕ್ರಿ? ಅದಕ್ಕ ನಕ್ಕೆ."

ಗಿರಿಜಾ ಎದ್ದು ಒಳಗೆ ಹೋದಳು. ಹೊರಗೆ ಒಂದು ಗೂಡ್ಸ್ ರೈಲು ಸಾಗಿ ಹೋಯಿತು, ಉದ್ದದ್ದು. ಅದು ಮುಗಿಯುವವರೆಗೆ ಯಾರೂ ಮಾತಾಡಬೇಕಾಗಿ ಬರಲಿಲ್ಲ. ಆ ರೈಲಿಗೆ ನಾನು ಇಂದಿಗೂ ಋಣಿ. ರೈಲು ಹೋದ ಮೇಲೆ ನಾನು ಮಲ್ಲುವಿಗೆ, "ತಪ್ಪಾತಪ್ಪಾ" ಎಂದೆ. ಯಾವ ಗೆರೆಯನ್ನೂ ವಿವರಿಸಲಿಲ್ಲ. ಅವನು, "ಇರಲಿ ಬಿಡ್ರಿ ಮಾಮಾ, ಅವಲಕ್ಕಿ ತಿನ್ನರಿ" ಎಂದ. ತಿಂದೆ.

ಆಮೇಲೆ ಶೋಭಾ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಬಹಳ ಹೊತ್ತು ಕೇಳಿದಳು. ಮುಂದಿನ ವಾರ ಅವರ ಮನೆಯವರು ತಂಬೂರಿಗೆ ಬಂದು ಮನೆ, ಹೊಲ ನೋಡಿದರು. ಅಲ್ಲಿಯೂ ಅವಳು ಬಾವಿಯ ನೀರಿನಿಂದ ಹಿಡಿದು ಎತ್ತಿನ ವಯಸ್ಸಿನವರೆಗೆ ಕೇಳಿದಳು. ಮಲ್ಲು ಎಲ್ಲದಕ್ಕೂ ಉತ್ತರಿಸಿದ, ನಗುತ್ತಲೇ. ಈ ಸಲದ ನಗು ಬೇರೆ ಇತ್ತು. ಇಷ್ಟು ವರ್ಷ ಅವನನ್ನು ಕಂಡಿದ್ದೇನೆ, ಆ ವ್ಯತ್ಯಾಸ ನನಗೆ ಆವತ್ತೇ ಮೊದಲ ಸಲ ತಿಳಿದದ್ದು. ಮದುವೆ ತಂಬೂರಿನ ಅವರ ಮನೆಯ ಅಂಗಳದಲ್ಲಿಯೇ ಆಯಿತು. ಸ್ಕ್ರಿಪ್ಟನ್ನು ನಾನು ಈಗ ಸರಿಪಡಿಸಿದ್ದೇನೆ. ಗೆರೆ ಯಾವ ಕಡೆಗೆ ವಾಲಿದರೂ ಹೆಸರಷ್ಟೇ ಬರುತ್ತದೆ. ಆದರೆ ಅದನ್ನು ಓಡಿಸಿ ತೋರಿಸಿ ಎಂದು ಕೇಳಿದವರು ಯಾರೂ ಇಲ್ಲ.

ಮೊನ್ನೆ ಇಬ್ಬರೂ ಊಟಕ್ಕೆ ಬಂದಿದ್ದರು. ಮದುವೆಯ ಫೋಟೋಗಳೆಲ್ಲ ಶೋಭಾಳ ಮೊಬೈಲಿನಲ್ಲಿದ್ದವು. "ಅವನ್ನೆಲ್ಲ ನನ್ನ ಕಂಪ್ಯೂಟರಿಗೆ ಹಾಕಿಕೊಡವ್ವಾ, ಚಂದಾಗಿ ಜೋಡಿಸಿ ಇಡತೀನಿ" ಎಂದೆ. ಗಿರಿಜಾ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಮಲ್ಲು ತಟ್ಟೆ ನೋಡಿದ. ಶೋಭಾ ಬಹಳ ನಯವಾಗಿ, "ಕೊಡತೀನ್ರಿ ಅಣ್ಣಾರ. ಫೋಲ್ಡರಿಗೆ ಏನಂತ ಹೆಸರಿಡತೀರಿ?" ಎಂದು ಕೇಳಿದಳು.

"ಮದುವಿ" ಎಂದೆ. ಸರಿಯಾದ ಉತ್ತರವೇ. ಆದರೆ ಹೇಳುವ ಮುಂಚೆ ಒಂದು ಗಳಿಗೆ ತಡೆದೆ. ಮೂವರೂ ಆ ತಡೆದದ್ದನ್ನು ನೋಡಿದರು. ಶೋಭಾ ಮೊಬೈಲನ್ನು ಮೆಲ್ಲಗೆ ತನ್ನ ಚೀಲದೊಳಗೆ ಇಟ್ಟುಕೊಂಡು, ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿ, "ಇನ್ನೊಂದ ರೊಟ್ಟಿ ಹಾಕ್ಲೇನ್ರಿ ಅಣ್ಣಾರ?" ಎಂದಳು.